ಮಾತು ಬಿಟ್ಟ ಅಕ್ಕ-ತಂಗಿಯ ಕತೆ ಬರೆಯುವವರಿಗೆ: ಯಾವ ಜಗಳ, ಯಾವ ಹಬ್ಬ, ಯಾವ ಊರು?

ಹಗುರವಾದ ಕಾದಂಬರಿಯಲ್ಲಿ ಅಕ್ಕ-ತಂಗಿ ಮಾತು ಬಿಟ್ಟಿದ್ದರೆ, ಕೊನೆಗೆ ಅವರು ಮಾತಾಡುತ್ತಾರೆ ಅನ್ನುವುದು ಓದುವವರಿಗೆ ಮೊದಲ ಪುಟದಲ್ಲೇ ಗೊತ್ತಿರುತ್ತದೆ. ಆದರೂ ಓದುತ್ತಾರೆ. ಮೊದಲು ಯಾರು ಬಾಯಿ ಬಿಡುತ್ತಾರೆ, ಎಲ್ಲಿ, ಯಾವ ನೆಪಕ್ಕೆ ಅನ್ನುವ ಕುತೂಹಲ ಅಷ್ಟೇ. ಹಾಗಾಗಿ ಬರೆಯಲು ಕೂರುವ ಮೊದಲೇ ಕೆಲವನ್ನು ಗೊತ್ತುಮಾಡಿಕೊಂಡಿದ್ದರೆ ಒಳ್ಳೆಯದು. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಕತೆ ನಡೆಸುವ ಆಸೆ ಇರುವವರಿಗಾಗಿ ಅವನ್ನು ಒಂದರ ಪಕ್ಕ ಒಂದಿಟ್ಟು ನೋಡೋಣ. ನನ್ನ ಒಲವು ಎಲ್ಲಿದೆ ಅಂತ ಈಗಲೇ ಹೇಳಿಬಿಡುತ್ತೇನೆ: ಜಗಳದ ಕಾರಣ ಮೇಲ್ನೋಟಕ್ಕೆ ಎಷ್ಟು ಸಣ್ಣದೋ ಕತೆ ಅಷ್ಟು ಚಂದ. ದೊಡ್ಡ ಕಾರಣ ಅದರ ಅಡಿಯಲ್ಲಿ ಕೂತಿರಲಿ.

ಜಗಳ ಯಾವುದು?

ನಾಲ್ಕು ಕಾರಣಗಳು ಎಲ್ಲರಿಗೂ ತಟ್ಟನೆ ಹೊಳೆಯುತ್ತವೆ. ಆಸ್ತಿ, ಬಂಗಾರ, ಅವ್ವನನ್ನು ಯಾರು ನೋಡಿಕೊಂಡರು ಅನ್ನುವುದು, ಮತ್ತೆ ಯಾರೋ ಆಡಿದ ಒಂದು ಮಾತು.

ಆಸ್ತಿಯನ್ನು ಹಿಡಿದರೆ ಒಂದು ಲಾಭವಿದೆ. ಯಾರೂ ತಪ್ಪು ಮಾಡದೆ ಜಗಳ ಹುಟ್ಟಿಸಬಹುದು. ಹೇಗೆ ಅಂದರೆ, ಕರ್ನಾಟಕ 1994ರಲ್ಲಿ ಕಾನೂನು ತಿದ್ದಿ, ಕೂಡು ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು ಕೊಟ್ಟಿತು. ಆದರೆ ಅಷ್ಟರಲ್ಲಾಗಲೇ ಮದುವೆಯಾಗಿ ಹೋಗಿದ್ದವರಿಗೆ ಅದು ಸಿಗಲಿಲ್ಲ. ಈಗ ಅಕ್ಕನ ಮದುವೆ 1992ರಲ್ಲಿ, ತಂಗಿಯ ಮದುವೆ 1996ರಲ್ಲಿ ಅಂತ ಇಟ್ಟುಕೊಳ್ಳಿ. ಇಬ್ಬರೂ ಒಡಹುಟ್ಟಿದವರು. ತಂಗಿಗೆ ಪಾಲು ಉಂಟು, ಅಕ್ಕನಿಗೆ ಇಲ್ಲ! 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದು ಈ ಭೇದ ಹೋಯಿತು. ಅಪ್ಪ ಅದಕ್ಕಿಂತ ಮೊದಲೇ ತೀರಿಕೊಂಡಿದ್ದರೆ ಹೇಗೆ ಅನ್ನುವ ಗೊಂದಲ ಮಾತ್ರ ಉಳಿದಿತ್ತು. ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು, ಅಪ್ಪ ಆಗ ಬದುಕಿರಲೇಬೇಕು ಅಂತ ಇಲ್ಲ ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲು ನೋಂದಣಿಯಾಗಿಯೋ ಕೋರ್ಟಿನ ಡಿಕ್ರಿಯಿಂದಲೋ ಮುಗಿದ ವಾಟ್ನಿಯನ್ನು, ಅಂದರೆ ಆಸ್ತಿ ಪಾಲನ್ನು ಮಾತ್ರ ಮತ್ತೆ ಕೆದಕುವ ಹಾಗಿಲ್ಲ. ಅಂದರೆ ಸುಮಾರು ಹನ್ನೊಂದು ವರ್ಷ ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳನ್ನು ಕಾನೂನೇ ಬೇರೆ ಬೇರೆ ಮಾಡಿ ನಿಲ್ಲಿಸಿತ್ತು. ಕತೆಗಾರರಿಗೆ ಇದಕ್ಕಿಂತ ಒಳ್ಳೆಯ ಬೀಜ ಬೇಕೇ?

ಆದರೆ ಅಪಾಯವೂ ಇಲ್ಲೇ ಜಾಸ್ತಿ. ಆಸ್ತಿ ಬಂದ ಕೂಡಲೇ ಅಣ್ಣ ಬರುತ್ತಾನೆ. ಅಣ್ಣನ ಹಿಂದೆ ವೈನಿ, ಅವಳ ಹಿಂದೆ ಸಬ್ ರಿಜಿಸ್ಟ್ರಾರ್ ಆಫೀಸು, ಹಕ್ಕು ಬಿಡುಗಡೆ ಪತ್ರ, ವಕೀಲರು, ತಾರೀಖು. ಮೂರನೇ ಅಧ್ಯಾಯದ ಹೊತ್ತಿಗೆ ಅಣ್ಣ ಖಳನಾಯಕ ಆಗಿರುತ್ತಾನೆ. ಅಕ್ಕ-ತಂಗಿ ಇಬ್ಬರೂ ಒಂದೇ ಪಕ್ಷ ಆಗಿಬಿಡುತ್ತಾರೆ. ಕತೆ ಕೈ ತಪ್ಪಿ ಕೋರ್ಟಿಗೆ ಹೋಗುತ್ತದೆ. ಆಸ್ತಿಯೇ ಬೇಕು ಅಂದರೆ ಅದನ್ನು ಚಿಕ್ಕದು ಮಾಡಿ. ಹತ್ತು ಎಕರೆ ನೀರಾವರಿ ಬೇಡ, ಧಾರವಾಡದ ಮಾಳಮಡ್ಡಿಯ ಒಂದು ಹಳೇ ಹಂಚಿನ ಮನೆ ಸಾಕು. ಸೋರುವ ಮನೆ ಆದರೆ ಇನ್ನೂ ಒಳ್ಳೆಯದು. ಯಾರಿಗೂ ಬೇಡದ ಮನೆಗಾಗಿ ಇಬ್ಬರೂ ಹಟ ಹಿಡಿದರೆ ನಗು ತಾನಾಗಿ ಬರುತ್ತದೆ.

ಬಂಗಾರದ ಜಗಳ ಟಿ.ವಿ. ಧಾರಾವಾಹಿಗಳಲ್ಲಿ ಸವೆದು ಹೋಗಿದೆ. ಅವ್ವನ ಬೋರಮಾಳ ಸರ ಯಾರಿಗೆ ಅನ್ನುವ ಪ್ರಶ್ನೆ ಬಂದ ತಕ್ಷಣ ಓದುಗರ ಕಿವಿಯಲ್ಲಿ ಹಿನ್ನೆಲೆ ಸಂಗೀತ ಶುರುವಾಗುತ್ತದೆ. ಒಂದು ದಾರಿ ಇದೆ: ಜೋಡಿ ಪಾಟ್ಲಿಯನ್ನು ಒಬ್ಬೊಬ್ಬರಿಗೆ ಒಂದೊಂದು ಹಂಚಿಬಿಡಿ. ಒಂದೇ ಕೈಗೆ ಪಾಟ್ಲಿ ಹಾಕಿಕೊಂಡು ಮದುವೆಗೆ ಹೋಗುವುದು ಹೇಗೆ? ಇಬ್ಬರೂ ಹಾಕುವುದಿಲ್ಲ, ಇಬ್ಬರೂ ಮಾರುವುದಿಲ್ಲ. ಇದೇ ಆಟವನ್ನು ಪುಸ್ತಕದಲ್ಲೂ ಆಡಬಹುದು. ಧಾರವಾಡದ ಮನೋಹರ ಗ್ರಂಥಮಾಲೆ 1933ರಲ್ಲಿ ಶುರುವಾಯಿತು. ಚಂದಾ ಕಟ್ಟಿ ಅದರ ಪುಸ್ತಕ ತರಿಸುತ್ತಿದ್ದ ಮನೆಗಳು ಈ ಕಡೆ ಕಡಿಮೆ ಏನಲ್ಲ. ಅಪ್ಪನ ಕಪಾಟು ಹಂಚುವಾಗ ಒಂದು ಕಾದಂಬರಿಯ ಮೊದಲ ಭಾಗ ಅಕ್ಕನ ಪಾಲಿಗೆ, ಎರಡನೇ ಭಾಗ ತಂಗಿಯ ಪಾಲಿಗೆ ಹೋಯಿತು ಅನ್ನಿ. ನಾನಾದರೆ ಬಂಗಾರ ಬಿಟ್ಟು ಇದನ್ನೇ ಹಿಡಿಯುತ್ತೇನೆ.

ಅವ್ವನ ಆರೈಕೆ ನಾಲ್ಕರಲ್ಲೂ ಗಟ್ಟಿ ಕಾರಣ, ಭಾರವಾದದ್ದೂ ಅದೇ. ಅಕ್ಕ ಊರಲ್ಲೇ ಇದ್ದು ಅವ್ವನ ಗುಳಿಗೆ, ಆಸ್ಪತ್ರೆ, ರಾತ್ರಿಯ ಕೆಮ್ಮು ಎಲ್ಲ ನೋಡಿಕೊಂಡವಳು. ತಂಗಿ ಪುಣೆಯಲ್ಲೋ ಬೆಂಗಳೂರಲ್ಲೋ ಇದ್ದು ತಿಂಗಳಿಗೊಮ್ಮೆ ಹಣ ಹಾಕಿದವಳು. ಹಣ ಕಳಿಸಿದೆನಲ್ಲ ಅಂತ ಇವಳು, ಹಣ ಯಾರು ಕೇಳಿದರು ಅಂತ ಅವಳು. ಇಂಥ ಜಗಳ ನಮ್ಮ ಕಡೆ ಯಾವ ಓಣಿಗೆ ಹೋದರೂ ಸಿಗುತ್ತದೆ. ಹಗುರ ಕತೆಗೆ ಇದನ್ನು ತರುವುದಾದರೆ ಒಂದೇ ಷರತ್ತು: ಅವ್ವ ಬದುಕಿರಬೇಕು. ಬದುಕಿದ್ದು, ನಾಲಿಗೆ ಚುರುಕಾಗಿರಬೇಕು. ಅಕ್ಕ ಮಾಡಿದ ಚಟ್ನಿಪುಡಿಯನ್ನು ತಂಗಿಗೆ ಕೊಟ್ಟು “ನಾನೇ ಕುಟ್ಟೀನಿ” ಅನ್ನುವ ಅವ್ವ, ತಂಗಿ ಕಳಿಸಿದ ಹಣದಲ್ಲಿ ಅಕ್ಕನಿಗೆ ಸೀರೆ ತಂದು “ಪಿಂಚಣಿ ಬಂತು” ಅನ್ನುವ ಅವ್ವ. ಅವ್ವ ತೀರಿಕೊಂಡ ಮೇಲಿನ ಕತೆಯೂ ಒಳ್ಳೆಯದಾಗಬಹುದು. ಆದರೆ ಅದು ಹಗುರ ಕತೆ ಆಗುವುದಿಲ್ಲ.

ಇನ್ನು ಒಂದು ಮಾತು, ಒಂದು ಸೀರೆ, ಇಂಥ ಸಣ್ಣ ಕಾರಣ. ಅಕ್ಕನ ಮಗನ ಮದುವೆಯಲ್ಲಿ ಬೀಗರ ಕಡೆಯ ಹೆಂಗಸರಿಗೆಲ್ಲ ಇಳಕಲ್ ಸೀರೆ ಉಡಿಸಿದರು. ಸ್ವಂತ ತಂಗಿಗೆ ಅಂಗಡಿಯವನು ಕೊಸರಿಗೆ ಕೊಟ್ಟಂಥ ಒಂದು ಪ್ರಿಂಟ್ ಸೀರೆ. ತಂಗಿ ಉಣ್ಣದೆ ಎದ್ದು ಹೋದಳು. ಅಷ್ಟೇ. ಸೀರೆಯ ವಿಷಯವನ್ನು ಬಾಯಿಬಿಟ್ಟು ಹೇಳಲು ಆಗುವುದಿಲ್ಲ, ಹೇಳಿದರೆ ಸಣ್ಣತನ. ಹೇಳದೆ ಇರಲೂ ಆಗುವುದಿಲ್ಲ. ಈ ಇಕ್ಕಟ್ಟು ಇಡೀ ಕಾದಂಬರಿಯನ್ನು ಎಳೆಯುತ್ತದೆ. ಓದುಗರು ಸೀರೆಗೆ ನಗುತ್ತಾ ಹೋಗಲಿ. ನಡುವೆ ಎಲ್ಲೋ ಒಂದು ಕಡೆ ಅವ್ವನ ಆರೈಕೆಯ ನೋವು ತಲೆ ಎತ್ತಲಿ. ಅಕ್ಕ ಆ ಸೀರೆ ಆರಿಸಿದ್ದೇ ಬೇಕಂತ ಅಂತ ಆಗ ಗೊತ್ತಾಗಲಿ. ಮೇಲೆ ಸೀರೆ, ಕೆಳಗೆ ಅವ್ವ. ನನ್ನ ಮತ ಇದಕ್ಕೇ.

ಮತ್ತೆ ಸೇರಿಸುವುದು ಯಾವಾಗ?

ಹೆಚ್ಚಿನವರು ಮದುವೆಗೆ ಅಥವಾ ಸಾವಿಗೆ ಕೈ ಹಾಕುತ್ತಾರೆ. ಸಾವಿನ ಮನೆಯಲ್ಲಿ ಸೇರಿಸುವುದು ಸುಲಭ. ಹಾಗಾಗಿಯೇ ಬೇಡ.

ಮದುವೆಯಲ್ಲಿ ಮಜಾ ಇದೆ. ಲಗ್ನಪತ್ರಿಕೆಯಲ್ಲಿ ಯಾರ ಹೆಸರು ಮೇಲೆ, ಯಾರದ್ದು ಕೆಳಗೆ ಅನ್ನುವುದರಿಂದಲೇ ಎರಡು ಅಧ್ಯಾಯ ಹುಟ್ಟುತ್ತವೆ. ಹಂದರ, ಸುರಗಿ, ಅರಿಸಿನ, ಊಟದ ಪಂಕ್ತಿ ಎಲ್ಲವೂ ಬಣ್ಣ ತುಂಬುತ್ತವೆ. ತೊಂದರೆ ಅಂದರೆ ಜನ. ಮಾವ, ಕಾಕಾ, ಚಿಗವ್ವ, ಬೀಗರು, ಅಡುಗೆಯವರು, ಫೋಟೋದವನು. ಇಪ್ಪತ್ತು ಹೆಸರು ನೆನಪಿಟ್ಟುಕೊಳ್ಳುವುದರಲ್ಲಿ ಅಕ್ಕ-ತಂಗಿ ಇಬ್ಬರೂ ಕಳೆದುಹೋಗುತ್ತಾರೆ. ಉದ್ದನೆಯ ಧಾರಾವಾಹಿ ಬರೆಯುವವರಿಗೆ ಮದುವೆ ಸರಿ. ಇನ್ನೂರು ಪುಟದ ಕಾದಂಬರಿಗೆ ಅದು ಜಾಸ್ತಿ ಆಯಿತು.

ಹಳೇ ಮನೆ ಮಾರುವ ನೆಪ ನಗರದ ಕತೆಗೆ ಹೊಂದುತ್ತದೆ. ಇಬ್ಬರೇ ಒಂದು ಮನೆಯಲ್ಲಿ ನಾಲ್ಕು ದಿನ ಇರಬೇಕು, ಸಾಮಾನು ವಿಂಗಡಿಸಬೇಕು. ಆದರೆ ಪ್ರತಿ ಟ್ರಂಕು ತೆರೆದಾಗಲೂ ಒಂದೊಂದು ಹಳೆಯ ನೆನಪು ಹೊರಗೆ ಬಂದರೆ ಐದನೇ ಟ್ರಂಕಿಗೆ ಓದುಗರು ಆಕಳಿಸುತ್ತಾರೆ.

ಹುಬ್ಬಳ್ಳಿಯಲ್ಲಿ ಶಿವರಾತ್ರಿಯ ಮರುದಿನ ಸಿದ್ಧಾರೂಢರ ತೇರು. ಅಷ್ಟು ಜನರ ನಡುವೆ ಇಬ್ಬರೂ ಅಕಸ್ಮಾತ್ ಎದುರಾಗಬಹುದು. ಕತೆಯಲ್ಲಿ ಒಂದು ಅಕಸ್ಮಾತ್ ಅನ್ನು ಓದುಗರು ಕ್ಷಮಿಸುತ್ತಾರೆ, ಎರಡನೆಯದನ್ನು ಇಲ್ಲ. ಜಾತ್ರೆಯನ್ನು ಮೊದಲ ಭೇಟಿಗೆ ಇಟ್ಟುಕೊಳ್ಳಿ, ರಾಜಿಗೆ ಬೇಡ.

ನಾನು ಗೆಲ್ಲಿಸುವುದು ಪಂಚಮಿಯನ್ನು. ಶ್ರಾವಣದ ನಾಗರ ಪಂಚಮಿ ನಮ್ಮ ಕಡೆ ಹೆಣ್ಣುಮಕ್ಕಳ ಹಬ್ಬ. ಮದುವೆಯಾದವಳು ತವರಿಗೆ ಬರುವ ಹಬ್ಬ. ಬರುವುದೂ ಸುಮ್ನೆ ಬರುವುದಲ್ಲ, ಅಣ್ಣನೋ ತಮ್ಮನೋ ಹೋಗಿ ಕರೆದುಕೊಂಡು ಬರಬೇಕು. ಈಗ ಕತೆಯ ಮನೆಯಲ್ಲಿ ಗಂಡುಮಕ್ಕಳೇ ಇಲ್ಲ ಅಂತ ಮಾಡಿ. ಅಪ್ಪ ಇರುವವರೆಗೆ ಅಪ್ಪನೇ ಹೋಗಿ ಕರೆಯುತ್ತಿದ್ದ. ಈಗ ಕರೆಯಲು ಯಾರು ಹೋಗಬೇಕು? ತವರಿನ ಮನೆಯಲ್ಲಿ ಉಳಿದಿರುವ ಅಕ್ಕನೇ ಹೋಗಬೇಕು. ಕರೆಯದೆ ತಂಗಿ ಬರುವ ಹಾಗಿಲ್ಲ, ಮಾತು ಬಿಟ್ಟ ಅಕ್ಕ ಕರೆಯುವ ಹಾಗಿಲ್ಲ. ಮದುವೆಯಲ್ಲಿ ಸಿಗದ ಬಿಗಿ ಇಲ್ಲಿ ಸಿಗುತ್ತದೆ, ಅದೂ ಮೂರೇ ಮೂರು ಪಾತ್ರಗಳಲ್ಲಿ.

ಇನ್ನೊಂದು ಲಾಭ ಅಡುಗೆಮನೆಯದು. ಪಂಚಮಿಗೆ ಮೊದಲು ರೊಟ್ಟಿ ಹಬ್ಬ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಜೋಳದ ರೊಟ್ಟಿ, ಬಗೆಬಗೆಯ ಪಲ್ಯ, ಚಟ್ನಿ ಎಲ್ಲ ಮಾಡಿ ಓಣಿಯ ಮನೆಗಳಿಗೆ ಹಂಚುತ್ತಾರೆ. ಆಮೇಲೆ ಉಂಡಿ: ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ಬೇಸನ್ ಉಂಡಿ, ಅಳ್ಳಿಟ್ಟು. ಬೆಲ್ಲದ ಪಾಕದ ಉಂಡಿ ಯಾರನ್ನೂ ಕಾಯುವುದಿಲ್ಲ. ಪಾಕ ಹದಕ್ಕೆ ಬರದಿದ್ದರೆ ಉಂಡಿ ನಿಲ್ಲುವುದಿಲ್ಲ, ಮೀರಿದರೆ ಕಲ್ಲಾಗುತ್ತದೆ. ಇಳಿಸಿದ ಮೇಲೆ ಬಿಸಿ ಆರುವುದರೊಳಗೆ ಕಟ್ಟಬೇಕು. ಒಬ್ಬಳ ಕೈಲಿ ಆಗುವ ಕೆಲಸ ಅಲ್ಲ. ಸಿಟ್ಟು ಮಾಡಿಕೊಂಡು ಕೂರಲು ಅಲ್ಲಿ ಪುರುಸೊತ್ತು ಎಲ್ಲಿ? ಹಾಗಾಗಿ ವರ್ಷಗಟ್ಟಲೆ ಆದ ಮೇಲಿನ ಮೊದಲ ಮಾತು ಕ್ಷಮೆಯದ್ದು ಆಗಬೇಕಿಲ್ಲ. ಹೀಗಿರಬಹುದು:

“ಪಾಕ ಬಂದೈತ್ರಿ,” ಅಂದಳು ಅಕ್ಕ, ಗೋಡೆ ಕಡೆ ನೋಡುತ್ತ.

“ಇನ್ನೂ ಬಂದಿಲ್ರಿ.”

“ಬಂದೈತಿ ಅಂದ್ನೆಲ್ಲ.”

“ಎಳಿ ಎಲ್ಲಿ ಬರಾಕತ್ತೈತಿ, ನೋಡ್ ಬೇ ಅಕ್ಕಾ!”

ಇಷ್ಟು ಸಾಕು. ಇದಾದ ಮೇಲೆ ಒಂದು ಪುಟ ಕಣ್ಣೀರು ಬರೆದರೆ ಕೆಡುತ್ತದೆ. ಮರುದಿನ ಜೋಕಾಲಿ ಇದೆ, ತೂಗಲು ಇನ್ನೊಬ್ಬರು ಬೇಕೇ ಬೇಕು. ಐವತ್ತು ದಾಟಿದ ಇಬ್ಬರು ಹೆಂಗಸರು, ಮಂಡಿನೋವು ಇದ್ದವರು, ಓಣಿಯ ಹುಡುಗಿಯರನ್ನು ಸರಿಸಿ ಜೋಕಾಲಿ ಹತ್ತಿದರೆ ನಗಿಸಲು ಬೇರೆ ಏನೂ ಬೇಡ.

ಊರು ಯಾವುದು?

ಧಾರವಾಡವನ್ನು ಆರಿಸಿಕೊಂಡರೆ ಮಳೆ, ಸಾಧನಕೇರಿ, ಸಪ್ತಾಪುರ, ಲೈನ್ ಬಜಾರದ ಪೇಡೆ ಎಲ್ಲ ಪುಕ್ಕಟೆ ಸಿಗುತ್ತವೆ. ಪುಕ್ಕಟೆ ಸಿಕ್ಕಿದ್ದನ್ನೆಲ್ಲ ಬಳಸಬೇಡಿ. ಧಾರವಾಡದ ಕತೆಯಲ್ಲಿ ಪ್ರತಿಯೊಬ್ಬರೂ ಕವಿ, ಪ್ರತಿ ಕಿಟಕಿಯಿಂದಲೂ ತಂಬೂರಿ ಶ್ರುತಿ ಕೇಳಿಸುವುದು ಒಂದು ಚಾಳಿ ಆಗಿಬಿಟ್ಟಿದೆ. ನಿಮ್ಮ ಅಕ್ಕ ಬ್ಯಾಂಕಿನಲ್ಲಿ ಕ್ಯಾಶಿಯರ್ ಆಗಿರಲಿ, ಹಾಡಲು ಬಾರದವಳಾಗಿರಲಿ.

ಹುಬ್ಬಳ್ಳಿ ವ್ಯಾಪಾರದ ಊರು. ದುರ್ಗದಬೈಲಿನ ಗದ್ದಲ, ಗಿರ್ಮಿಟ್-ಮಿರ್ಚಿ, ಯಾರಿಗೂ ಯಾರಿಗಾಗಿ ನಿಲ್ಲಲು ಹೊತ್ತಿಲ್ಲ. ಹಗುರ ಕತೆಯ ಓಟಕ್ಕೆ ಇದು ಧಾರವಾಡಕ್ಕಿಂತ ಚೆನ್ನಾಗಿ ಹೊಂದುತ್ತದೆ. ಮೇಲಾಗಿ ಇಲ್ಲಿನ ರೈಲು ನಿಲ್ದಾಣದಲ್ಲಿ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇದೆ, ಜಗತ್ತಿನಲ್ಲೇ ಉದ್ದನೆಯದು. ಒಬ್ಬಳನ್ನು ಒಂದು ತುದಿಯಲ್ಲಿ, ಇನ್ನೊಬ್ಬಳನ್ನು ಆ ತುದಿಯಲ್ಲಿ ನಿಲ್ಲಿಸಿ. “ನಾನು ಪ್ಲಾಟ್‌ಫಾರ್ಮ್ ಮ್ಯಾಲೇ ಇದೀನಿ, ನೀ ಬಂದೇ ಇಲ್ಲ” ಅಂತ ಇಬ್ಬರೂ ಫೋನಿನಲ್ಲಿ ಕಿರುಚಲಿ. ಇಬ್ಬರದೂ ನಿಜವೇ.

ಇವೆರಡಕ್ಕಿಂತ ನನಗೆ ಇಷ್ಟವಾದದ್ದು ಇಬ್ಬರನ್ನೂ ಹಂಚಿಬಿಡುವುದು. ಅಕ್ಕ ಧಾರವಾಡದಲ್ಲಿ, ತಂಗಿ ಹುಬ್ಬಳ್ಳಿಯಲ್ಲಿ. ಒಬ್ಬಳು ಅಮೆರಿಕದಲ್ಲಿದ್ದರೆ ದೂರವೇ ನೆಪ ಆಗುತ್ತದೆ. ಇಲ್ಲಿ ಇರುವುದು ಸುಮಾರು 20 ಕಿಲೋಮೀಟರ್. ತನ್ನದೇ ಪ್ರತ್ಯೇಕ ದಾರಿಯಲ್ಲಿ ಓಡುವ ಚಿಗರಿ ಬಸ್ ಹತ್ತಿದರೆ ಒಂದು ಸಿನಿಮಾದ ಮೊದಲರ್ಧದಷ್ಟೂ ಹೊತ್ತು ಹಿಡಿಯುವುದಿಲ್ಲ. 1962ರಲ್ಲೇ ಎರಡೂ ಊರು ಸೇರಿ ಒಂದೇ ಮಹಾನಗರಪಾಲಿಕೆ ಆಗಿದ್ದವು. ಇಷ್ಟು ಹತ್ತಿರ ಇದ್ದೂ ವರ್ಷಗಟ್ಟಲೆ ಹೋಗಿಲ್ಲ ಅಂದರೆ ಹಟ ಎಷ್ಟಿರಬೇಕು!

ಗದಗಿಗೆ ಹೋದರೆ ದುಡಿಮೆಯ ಕತೆ ಸಿಗುತ್ತದೆ. ಬೆಟಗೇರಿಯ ನೇಕಾರರ ಓಣಿ, ಗದಗಿನ ಹಳೇ ಮುದ್ರಣಾಲಯಗಳು. ಅಪ್ಪ ಬಿಟ್ಟುಹೋದ ಅಚ್ಚಿನ ಮನೆಯನ್ನು ಮಾತಾಡದ ಇಬ್ಬರು ಹೆಣ್ಣುಮಕ್ಕಳು ಸೇರಿ ನಡೆಸುವುದು ಹೇಗೆ? ಚೀಟಿ ಬರೆದು ಕೆಲಸದವನ ಕೈಲಿ ಕಳಿಸುವುದು, ಆ ಚೀಟಿಯ ತಪ್ಪನ್ನು ಕೆಂಪು ಶಾಯಿಯಲ್ಲಿ ತಿದ್ದಿ ವಾಪಸ್ ಕಳಿಸುವುದು. ಇಬ್ಬರೂ ದಿನವೂ ಎದುರುಬದುರು ಇರುವ ಕತೆ ಬೇಕಾದವರಿಗೆ ಗದಗ ಸರಿ.

ಹಾವೇರಿ ಕಡೆ ಕತೆಗಾರರು ಅಷ್ಟಾಗಿ ಹೋಗಿಲ್ಲ, ಹಾಗಾಗಿ ಅಲ್ಲಿ ಹೊಸತನ ಇದೆ. ಹಾವೇರಿಯ ಏಲಕ್ಕಿ ಹಾರ ಗಣ್ಯರ ಕೊರಳಿಗೆ ಬಿದ್ದದ್ದನ್ನು ಎಲ್ಲರೂ ನೋಡಿದ್ದಾರೆ, ಅದನ್ನು ಪೋಣಿಸುವ ಕೈಗಳನ್ನು ಕತೆಯಲ್ಲಿ ನೋಡಿದವರು ಕಡಿಮೆ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ ಇನ್ನೂ ಒಳ್ಳೆಯ ಜಾಗ. ಸುಗ್ಗಿಯಲ್ಲಿ ಅಲ್ಲಿ ಕಾಲಿಟ್ಟವರು ಸೀನಿ, ಕೆಮ್ಮಿ, ಕಣ್ಣೊರೆಸಿಕೊಳ್ಳಲೇಬೇಕು. ಅಕ್ಕನ ಕಣ್ಣಲ್ಲಿ ನೀರು ಬಂದದ್ದು ತಂಗಿಯನ್ನು ನೋಡಿಯೋ ಘಾಟಿಗೋ ಅಂತ ಯಾರೂ ಕೇಳುವ ಹಾಗಿಲ್ಲ, ಅವಳೂ ಹೇಳಬೇಕಾಗಿಲ್ಲ. ಹಗುರ ಕತೆಯೂ ಬ್ಯಾಡಗಿ ಕಾಯಿಯ ಹಾಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಇರಬೇಕು ಅಲ್ವಾ?

ಯಾರು ಹೇಳುವುದು, ಯಾವ ಮಾತಿನಲ್ಲಿ?

ಅಕ್ಕನ ಬಾಯಿಂದ ಒಂದು ಅಧ್ಯಾಯ, ತಂಗಿಯ ಬಾಯಿಂದ ಒಂದು ಅಧ್ಯಾಯ ಅನ್ನುವುದು ಈಗ ಹೆಚ್ಚು ನಡೆಯುತ್ತಿದೆ. ಇಬ್ಬರ ಗುಟ್ಟೂ ಓದುಗರಿಗೆ ಗೊತ್ತಾಗಿಬಿಡುವುದರಿಂದ ಕುತೂಹಲ ಕಡಿಮೆಯಾಗುತ್ತದೆ, ತಮಾಷೆ ಹೆಚ್ಚಾಗುತ್ತದೆ. ಆದರೆ ಹೆಸರು ಮುಚ್ಚಿ ಓದಿದರೂ ಯಾರು ಮಾತಾಡುತ್ತಿದ್ದಾರೆ ಅಂತ ತಿಳಿಯಬೇಕು. ಅಷ್ಟು ಧೈರ್ಯ ಇಲ್ಲದಿದ್ದರೆ ಒಬ್ಬಳ ಹಿಂದೆ ಮಾತ್ರ ಹೋಗಿ. ಯಾರ ತಪ್ಪು ಜಾಸ್ತಿಯೋ ಅವಳ ಹಿಂದೆ ಹೋಗುವುದು ವಾಸಿ. ತನ್ನದೇ ಸರಿ ಅಂದುಕೊಂಡವಳು ಕತೆ ಹೇಳಿದರೆ ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ.

ನಿರೂಪಣೆ ಬರಹದ ಕನ್ನಡದಲ್ಲಿ, ಮಾತುಕತೆ ಈ ಕಡೆಯ ಕನ್ನಡದಲ್ಲಿ ಇರುವುದೇ ಓದಲು ಹಿತ. ಇಡೀ ಕಾದಂಬರಿಯನ್ನು ಆಡುಮಾತಲ್ಲಿ ಬರೆದರೆ ಮೈಸೂರು ಕಡೆಯವರು ಹತ್ತು ಪುಟಕ್ಕೆ ಸುಸ್ತಾಗುತ್ತಾರೆ. ಇಲ್ಲಿನ ಮಾತೂ ಒಂದೇ ಥರ ಇಲ್ಲ. ಒಂದು ಮನೆಯಲ್ಲಿ “ಮಾಡ್ಲಿಕ್ಕತ್ತೀನಿ” ಅಂದರೆ ಇನ್ನೊಂದು ಮನೆಯಲ್ಲಿ “ಮಾಡಾಕತ್ತೀನಿ” ಅನ್ನುತ್ತಾರೆ. ಒಂದೇ ಬಾಯಲ್ಲಿ ಎರಡೂ ಬಂದರೆ ಇಲ್ಲಿಯವರಿಗೆ ಥಟ್ಟನೆ ಗೊತ್ತಾಗುತ್ತದೆ. ಬೆಂಗಳೂರು ಸೇರಿದ ತಂಗಿ “ಮಾಡ್ತಾ ಇದೀನಿ” ಅನ್ನಬಹುದು, ಸಿಟ್ಟು ಬಂದಾಗ ಮಾತ್ರ ತನ್ನ ಊರಿನ ಮಾತಿಗೆ ವಾಪಸ್ ಬರಬಹುದು.

ಎಲ್ಲಕ್ಕಿಂತ ಚುರುಕಾದ ಆಯುಧ “ರೀ”. ಒಡಹುಟ್ಟಿದವಳಿಗೆ “ಬರ್ರಿ, ಕೂಡ್ರಿ, ಚಾ ತಗೋರಿ” ಅನ್ನುವಷ್ಟು ಕೆಟ್ಟ ಬೈಗುಳ ನಮ್ಮಲ್ಲಿ ಇನ್ನೊಂದಿಲ್ಲ. ಮೇಲಿನ ಉಂಡಿ ಪ್ರಸಂಗದಲ್ಲಿ “ರೀ” ಹೋಗಿ “ಬೇ” ಬಂದದ್ದನ್ನು ನೋಡಿದಿರಲ್ಲ. ರಾಜಿ ಆಯಿತು ಅಂತ ಬೇರೆ ಬರೆಯಬೇಕಾಗಿಲ್ಲ.

ಎಲ್ಲಿ ನಿಲ್ಲಿಸುವುದು, ಯಾವ ಇಸವಿ?

ಅಪ್ಪಿಕೊಂಡು ಅಳುವ ಕೊನೆ, ಫೋಟೋ ತೆಗೆಸಿಕೊಳ್ಳುವ ಕೊನೆ, ಸುಮ್ಮನೆ ಪಕ್ಕದಲ್ಲಿ ಕೂರುವ ಕೊನೆ. ಇವು ಮೂರಕ್ಕಿಂತಲೂ ಅವರು ಮತ್ತೊಮ್ಮೆ ಜಗಳಕ್ಕೆ ನಿಲ್ಲುವ ಕೊನೆ ವಾಸಿ. ಈ ಸಲ ಮಾತು ಬಿಡುವ ಜಗಳ ಅಲ್ಲ, ಉಂಡಿಗೆ ಯಾಲಕ್ಕಿ ಜಾಸ್ತಿ ಆಯಿತೋ ಇಲ್ಲವೋ ಅನ್ನುವ ಜಗಳ.

ಇಸವಿಯನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ. ಮೊಬೈಲ್ ಬರುವ ಮೊದಲಿನ ಕತೆಯಾದರೆ ಮಾತು ಬಿಡುವುದು ಸಲೀಸು, ಕಾಗದ ಹಾಕದಿದ್ದರೆ ಆಯಿತು. ಈಗಿನ ಕತೆಯಾದರೆ ಮನೆಯ ವಾಟ್ಸಾಪ್ ಗುಂಪಿನಲ್ಲಿ ಇಬ್ಬರೂ ಇರುತ್ತಾರೆ. ಒಬ್ಬಳು ಶುಭೋದಯ ಹಾಕಿದರೆ ಇನ್ನೊಬ್ಬಳು ನೋಡಿದ ಗುರುತು ಬೀಳುತ್ತದೆ. ಇದನ್ನು ಬಿಟ್ಟರೆ ಕತೆ ಸುಳ್ಳಾಗುತ್ತದೆ. 1997ಕ್ಕಿಂತ ಹಿಂದಿನ ಕತೆಯಲ್ಲಿ ಗದಗ, ಹಾವೇರಿ ಎರಡೂ ಧಾರವಾಡ ಜಿಲ್ಲೆಯಲ್ಲೇ ಇರಲಿ. 2018ಕ್ಕಿಂತ ಮೊದಲು ಯಾರನ್ನೂ ಚಿಗರಿ ಹತ್ತಿಸಬೇಡಿ. ಆ ಉದ್ದನೆಯ ಪ್ಲಾಟ್‌ಫಾರ್ಮ್ ಉದ್ಘಾಟನೆ ಆದದ್ದು 2023ರ ಮಾರ್ಚ್‌ನಲ್ಲಿ. ಅದಕ್ಕಿಂತ ಮೊದಲು ಅಕ್ಕನನ್ನು ಅದರ ತುದಿಯಲ್ಲಿ ನಿಲ್ಲಿಸಿದರೆ ಹುಬ್ಬಳ್ಳಿಯ ಓದುಗರು ಬಿಡುವುದಿಲ್ಲ. ಕತೆ ಹೇಗಿತ್ತು ಅಂತ ಕೇಳಿದರೂ ಅದನ್ನೇ ಹೇಳುತ್ತಾರೆ.